ಅರಕಲಗೂಡಿನ ಸೂರ್ಯ

ಚನ್ನರಾಯಪಟ್ಟಣ
೨-೧-೧೯೩೮

ಪದ್ಮಕ್ಕನಿಗೆ ಜಿನ್ನಪ್ಪ ಮಾಡುವ ನಮಸ್ಕಾರ.

ಮೊದಲು ಲೆಕ್ಕ ಒಪ್ಪಿಸುತ್ತೇನೆ, ಆಮೇಲೆ ಬೈಯುವೆಯಂತೆ. ಹಾಸನದ ಗೌರೀಶಂಕರನ ಯಾತ್ರಾ ಮಂಡಳಿಗೆ ನನ್ನದೂ ಮಾಲಿನಿಯದೂ ಸೇರಿ ನೂರೈವತ್ತು ರೂಪಾಯಿ. ಅರಸೀಕೆರೆಗೆ ಬಸ್ಸು, ಹೋಗಿ ಬಂದದ್ದು, ಎರಡೂವರೆ. ಕೂಲಿಗಳು, ಚಪ್ಪಲಿ ಕಾದವರು, ಬಾಗಿಲು ತೆರೆದವರು, ತೆರೆದೇ ಇದ್ದ ಬಾಗಿಲ ಪಕ್ಕ ಸುಮ್ಮನೆ ನಿಂತು ಕೈ ಚಾಚಿದವರು, ಇವರಿಗೆಲ್ಲ ಆರೂಕಾಲು. ಚಳಿಗೆ ಎರಡು ಉಣ್ಣೆ ಶಾಲು, ಹನ್ನೊಂದು. ಜಯಪುರದಲ್ಲಿ ಬೀಗಿತ್ತಿಯಾಗಬೇಕಾದವರಿಗೆ ಒಂದು ಚುಕ್ಕಿ ಸೀರೆ, ಬೀಗರಾಗಬೇಕಾದವರಿಗೆ ಅಮೃತಶಿಲೆಯ ಅಡಿಕೆ ಡಬ್ಬಿ, ಒಂಬತ್ತೂಮುಕ್ಕಾಲು. ಒಟ್ಟು ನೂರ ಎಪ್ಪತ್ತೊಂಬತ್ತೂವರೆ. ವಾಪಸು ಬಂದದ್ದು ಮೂರು ರೂಪಾಯಿ. ಅದರ ಕಥೆ ಕೊನೆಗೆ. ನಿವ್ವಳ ಖರ್ಚು ನೂರ ಎಪ್ಪತ್ತಾರೂವರೆ ರೂಪಾಯಿ, ಅದರ ಮೇಲೆ ನನ್ನ ಮಗಳಿಗೆ ನೀನು ಕುದುರಿಸಿದ್ದ ಸಂಬಂಧ.

ಹೌದು, ಕೆಟ್ಟಿತು. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ತಿಳಿಯಲಿ ಅಂತ ಬರೆಯುತ್ತಿದ್ದೇನೆ.

'ಅರಕಲಗೂಡಿನ ಭುಜಬಲಯ್ಯನವರು ಹೆಂಡತಿ ಮಗನನ್ನು ಕರೆದುಕೊಂಡು ಆ ಯಾತ್ರೆಗೆ ಹೊರಟಿದ್ದಾರೆ, ನೀನೂ ಮಾಲಿನಿಯನ್ನು ಕರೆದುಕೊಂಡು ಹೊರಡು. ಹದಿನೈದು ದಿನ ಒಂದೇ ಡಬ್ಬಿಯಲ್ಲಿ ಕೂತರೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಬೇರೆ ಉಪ್ಪಿಟ್ಟು ಕೆದಕಬೇಕಾಗಿಲ್ಲ' ಅಂದವಳು ನೀನು. ಉಪಾಯ ಒಳ್ಳೆಯದೇ. ಆದರೆ ಡಬ್ಬಿಯಲ್ಲಿ ಕೂತವರಿಗೆ ಹೆಣ್ಣೊಂದೇ ಕಾಣುವುದಿಲ್ಲವಲ್ಲ ಅಕ್ಕ, ಎಲ್ಲರೂ ಎಲ್ಲರಿಗೂ ಕಾಣುತ್ತಾರೆ.

ಊರುಗಳ ವಿಷಯ ಕೇಳುತ್ತೀಯೆ. ಗೌರೀಶಂಕರ ಕೊಡೆಯ ತುದಿಗೆ ಕೆಂಪು ವಸ್ತ್ರ ಕಟ್ಟಿಕೊಂಡು ಮುಂದೆ ನಡೆಯುತ್ತಾನೆ, ನಾವು ನಲವತ್ತು ಜನ ಸಂತೆಗೆ ಹೊಡೆದ ಕುರಿಗಳ ಹಾಗೆ ಹಿಂದೆ. ಪ್ರತಿ ಕಟ್ಟಡಕ್ಕೂ ಅವನು ಕೊಡುವುದು ಒಬ್ಬ ರಾಜನ ಹೆಸರು, ಇಪ್ಪತ್ತು ನಿಮಿಷ. ರಾಜ ಬದಲಾಗಬಹುದು, ಇಪ್ಪತ್ತು ನಿಮಿಷ ಬದಲಾಗದು. ದಿಲ್ಲಿಯ ಕೋಟೆಯನ್ನು ಮುಂದಿನ ಸಾಲಿನವರಿಗೆ ಹೇಳುವಾಗ ಮಗ ಕಟ್ಟಿಸಿದ. ಹಿಂದಿನ ಸಾಲಿನವರು ಬಂದು ಮುಟ್ಟುವ ಹೊತ್ತಿಗೆ ಅಪ್ಪ ಕಟ್ಟಿಸಿದ್ದ. ಕುತುಬ್ ಮಿನಾರಿನ ಮುನ್ನೂರ ಎಪ್ಪತ್ತೊಂಬತ್ತು ಮೆಟ್ಟಿಲು ಹತ್ತಿ ನೋಡಿದರೆ ಕಾಣುವುದು ಏನು? ನಾವು ಕೂತು ಬಂದ ಟಾಂಗಾ. ಜಯಪುರದಲ್ಲಿ ಊರಿಗೆ ಊರೇ ಒಂದು ಬಣ್ಣ. ಯಾರೋ ಜಾಣ ದಿವಾನ ಬಣ್ಣವನ್ನು ಸಗಟು ದರಕ್ಕೆ ಎತ್ತಿದ್ದಾನೆ. ಅಲ್ಲೇ ಗಾಳಿಯ ಅರಮನೆ ಅಂತ ಒಂದಿದೆ, ಕಿಟಕಿಗಳೇ ಕಿಟಕಿಗಳು, ಹಿಂದೆ ಹೋದರೆ ಆ ಕಿಟಕಿಗಳಿಗೆ ತಕ್ಕ ಮನೆಯೇ ಇಲ್ಲ. ನಮ್ಮ ಪೇಟೆಯಲ್ಲೂ ಅಂಥ ಅಂಗಡಿಗಳುಂಟು, ಮುಂದೆ ದೊಡ್ಡ ಬೋರ್ಡು, ಒಳಗೆ ಸರಕಿಲ್ಲ.

ತಾಜಮಹಲು ಚೆನ್ನಾಗಿಲ್ಲ ಅನ್ನಲು ನನಗೆ ಧೈರ್ಯವಿಲ್ಲ. ಹೆಂಡತಿಗಾಗಿ ಕಟ್ಟಿಸಿದನಂತೆ, ಇಪ್ಪತ್ತು ವರ್ಷ, ಇಪ್ಪತ್ತು ಸಾವಿರ ಆಳು. ಮಾಲಿನಿಯ ತಾಯಿ ಹೋದಾಗ ನಾನು ಬಸದಿಗೆ ಒಂದು ಹಿತ್ತಾಳೆ ತೂಗುದೀಪ ಕೊಟ್ಟೆ. ಹನ್ನೆರಡು ರೂಪಾಯಿ, ನಮ್ಮ ಅಂಗಡಿಯದೇ ಮಾಲು. ಇವತ್ತಿಗೂ ಉರಿಯುತ್ತಿದೆ.

ಈಗ ನಿನ್ನ ಭುಜಬಲಯ್ಯನವರು. ಎರಡು ಅಂಗಡಿ, ನಲವತ್ತು ಎಕರೆ ಗದ್ದೆ, ಮೂರು ತಲೆಮಾರಿನ ಶ್ರೀಮಂತಿಕೆ ಅಂದೆ. ಒಪ್ಪಿದೆ. ಆ ಮೂರು ತಲೆಮಾರನ್ನೂ ರೈಲಿನಲ್ಲಿ ನನ್ನ ಪಕ್ಕವೇ ಕೂರಿಸಿದರು, ಪುಣೆಯವರೆಗೂ ಇಳಿಸಲಿಲ್ಲ. ಜೇಬಿನಲ್ಲಿ ಬೆಳ್ಳಿ ಸರಪಳಿಯ ಗಡಿಯಾರ, ಚೀಲದಲ್ಲಿ ಪಂಚಾಂಗ. ಹಿಂದೆ ಅವರ ತಂಬಿಗೆ ಹಿಡಿದುಕೊಂಡು ಮಗ ನಾಗಕುಮಾರ. ಇಪ್ಪತ್ತನಾಲ್ಕು ವರ್ಷ, ಇಂಟರ್‌ಮೀಡಿಯೆಟ್ ಪಾಸು. ಹದಿನೈದು ದಿನದಲ್ಲಿ ಅವನ ಬಾಯಿಂದ ಬಂದ ಮಾತು ಹನ್ನೊಂದು, ನಾನು ಎಣಿಸಿದ್ದೇನೆ. ಹನ್ನೊಂದೂ 'ಆಗಲಿ ಅಪ್ಪ'. ಇಂಥ ಹೇಡಿಗೆ ಹೆಣ್ಣು ಕೊಡುವುದಕ್ಕಿಂತ ಆ ತಂಬಿಗೆಗೇ ಕೊಡಬಹುದು.

ನಾವು ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. 'ನಾವು ಐದು ಜನ ಜೈನರು, ಕತ್ತಲಾಗುವ ಮೊದಲೇ ಎಲೆ ಹಾಕಬೇಕು' ಅಂತ ಗೌರೀಶಂಕರನಿಗೆ ಮೊದಲೇ ಹೇಳಿದ್ದೆವು. ಆದರೂ ಅವನ ತಿರುಗಾಟ ಐದು ಗಂಟೆಗೆ ಮೊದಲು ಮುಗಿಯುತ್ತಿರಲಿಲ್ಲ. ಧರ್ಮಶಾಲೆಗೆ ಬಂದು ಕೈಕಾಲು ತೊಳೆದು ಎಲೆಯ ಮುಂದೆ ಕೂರುವಾಗ ಐದೂವರೆ. ಭುಜಬಲಯ್ಯನವರು ಪಂಚಾಂಗ ಬಿಚ್ಚುವರು, ಗಡಿಯಾರ ಎಲೆಯ ಪಕ್ಕಕ್ಕಿಡುವರು. 'ಸೂರ್ಯಾಸ್ತ ಆರು ಗಂಟೆ ಮೂರು ನಿಮಿಷ. ಇನ್ನೂ ಮೂವತ್ತಮೂರು ನಿಮಿಷ ಇದೆ, ಸಾವಕಾಶವಾಗಿ ಊಟ ಮಾಡಿ ಜಿನ್ನಪ್ಪ.' ಪಂಚಾಂಗ ಮೈಸೂರಿನದು! ಚಳಿಗಾಲದ ದಿಲ್ಲಿಯಲ್ಲಿ ಸೂರ್ಯ ನಮ್ಮೂರಿಗಿಂತ ಅರ್ಧ ಗಂಟೆ ಮುಂಚೆಯೇ ಅಂಗಡಿ ಮುಚ್ಚುತ್ತಾನೆ. ಧರ್ಮಶಾಲೆಯವನು ಲಾಟೀನು ತಂದಿಡುತ್ತಿದ್ದ. ಇವರು ಲಾಟೀನಿನ ಬೆಳಕಿನಲ್ಲಿ ಗಡಿಯಾರ ನೋಡಿ ಇನ್ನೂ ಹಗಲಿದೆ ಅನ್ನುತ್ತಿದ್ದರು. ದಿಲ್ಲಿಯಲ್ಲಿ ಎರಡು ಸಂಜೆ, ಜಯಪುರದಲ್ಲಿ ಎರಡು, ಆಗ್ರಾದಲ್ಲಿ ಎರಡು. ಜಗಲಿಯಲ್ಲಿ ಗಂಡಸರು, ಒಳಗೆ ಹೆಂಗಸರು. ಬಡಿಸುವುದು ಮಗ.

ಆಗ್ರಾದ ಎರಡನೆಯ ದಿನ. ಬೆಳಿಗ್ಗೆ ತಾಜಮಹಲಿನ ಮುಂದೆ, ಹತ್ತು ಜನರ ನಡುವೆ, ಇವರು ನನ್ನ ಹೆಗಲ ಮೇಲೆ ಕೈಯಿಟ್ಟು ಕೇಳಿದರು: 'ಜಿನ್ನಪ್ಪ, ನೀವು ತಲೆ ಮೇಲೆ ಹಿತ್ತಾಳೆ ಕೊಳಗ ಹೊತ್ತು ಹಿರೀಸಾವೆ ಸಂತೇಲಿ ಕೂಗಿ ಮಾರಿದವರು. ಇದನ್ನ ಮಾರೋಕೆ ಬಿಟ್ಟಿದ್ರೆ ಎಷ್ಟಕ್ಕೆ ಕೂಗ್ತಿದ್ರಿ?' ಹತ್ತೂ ಜನ ನಕ್ಕರು. ನಾನೂ ನಕ್ಕೆ. ಹೊತ್ತದ್ದು ನಿಜ, ಕೂಗಿದ್ದೂ ನಿಜ. ಆದರೂ ಆ ನಗುವನ್ನು ಸಂಜೆಯವರೆಗೂ ಸಾಲದ ಲೆಕ್ಕಕ್ಕೆ ಬರೆದಿಟ್ಟುಕೊಂಡಿದ್ದೆ.

ಸಂಜೆ ನಾವು ಉಣ್ಣುತ್ತಿದ್ದೇವೆ. ಹಿರೀಸಾವೆಯ ರಂಗಸ್ವಾಮಿಗೌಡ, ನಮ್ಮ ಜೊತೆ ಯಾತ್ರೆಗೆ ಬಂದವನು, ಬಾಯಿ ಮುಕ್ಕಳಿಸುತ್ತ ಬಂದು ನಿಂತ. 'ಅಲ್ಲಾ ಸಾ, ಕತ್ಲಾದ್ಮೇಲೆ ನಿಮ್ಗೆ ಊಟ ಆಗಾಕಿಲ್ಲ ಅಂತಿದ್ರಿ? ಇಂಗೆ ಲಾಟೀನ್ ಅಚ್ಕೊಂಡು ಉಣ್ತಾ ಕುಂತಿದ್ದೀರಲ್ಲ?'

'ಇನ್ನೂ ಹದಿನೇಳು ನಿಮಿಷ ಇದೆ ಗೌಡ್ರೇ' ಅಂದರು ಇವರು, ಗಡಿಯಾರ ಎತ್ತಿ ತೋರಿಸಿ.

ನಾನು ಅಂದೆ: 'ಹೌದು ಕಣಪ್ಪ ಗೌಡ, ಭುಜಬಲಯ್ಯನವರ ಸೂರ್ಯ ಇನ್ನೂ ಅರಕಲಗೂಡಲ್ಲೇ ಇದ್ದಾನೆ. ಟಿಕೇಟಿನ ದುಡ್ಡು ಉಳೀಲಿ ಅಂತ ಅವನ್ನ ಬಿಟ್ಟು ಬಂದವ್ರೆ.'

ನಲವತ್ತು ಜನ ನಕ್ಕರು. ಗೌಡನಂತೂ ಕಂಬ ಹಿಡಿದುಕೊಂಡು ನಕ್ಕ. ಭುಜಬಲಯ್ಯನವರು ಎಲೆ ಬಿಟ್ಟೆದ್ದರು. ಅರಸೀಕೆರೆಯವರೆಗೆ ಒಂದು ಮಾತಿಲ್ಲ. ಸೀರೆಯೂ ಡಬ್ಬಿಯೂ ನನ್ನ ಚೀಲದಲ್ಲೇ ವಾಪಸು ಬಂದವು.

ಇನ್ನು ಆ ಮೂರು ರೂಪಾಯಿ. ಅರಸೀಕೆರೆಯಲ್ಲಿ ಗೌರೀಶಂಕರನ ಅಡುಗೆ ಚೀಟಿ ಕಿತ್ತುಕೊಂಡು ನೋಡಿದೆ. ಸಂಜೆ ನಮ್ಮವರ ಎಲೆ ಐದು, ಉಂಡದ್ದು ಮೂರು, ಮುಟ್ಟದೆ ಕಾವಲುಗಾರನಿಗೆ ಕೊಟ್ಟದ್ದು ಎರಡು. ಆರು ಸಂಜೆಯೂ ಹಾಗೇ. ಉಣ್ಣದ ಎಲೆಗೆ ನಾಲ್ಕಾಣೆ ಯಾಕಪ್ಪ ಕೊಡಬೇಕು ಅಂತ ಹಿಡಿದೆ. ಹನ್ನೆರಡು ಎಲೆ, ಮೂರು ರೂಪಾಯಿ. ಕೊಟ್ಟ. ಇಡೀ ಯಾತ್ರೆಯಲ್ಲಿ ನನಗೆ ಸಂತೋಷವಾದದ್ದು ಅದೊಂದೇ.

ನಿನ್ನ ತಮ್ಮ,
ಜಿನ್ನಪ್ಪ

*

ಹೊಳೆನರಸೀಪುರ
೯-೧-೧೯೩೮

ಚಿರಂಜೀವಿ ಜಿನ್ನಪ್ಪನಿಗೆ ಅಕ್ಕನ ಆಶೀರ್ವಾದ. ಇಷ್ಟಾದರೂ ಆಶೀರ್ವಾದ ಮಾಡುತ್ತೇನಲ್ಲ, ಅದಕ್ಕೆ ನನಗೆ ಯಾರಾದರೂ ಏನಾದರೂ ಕೊಡಬೇಕು.

ನಿನ್ನ ಕಾಗದ ಬಂದ ಮಾರನೆಯ ದಿನವೇ ಅರಕಲಗೂಡಿನಿಂದಲೂ ಬಂತು. ನಿನ್ನದು ಏಳು ಪುಟ, ಅವರದು ಏಳು ಸಾಲು. ಯಾತ್ರೆ ಮುಗಿಸಿದವರು ಹಾಕಿಸಬೇಕಾದ ಊಟವನ್ನು ಫೆಬ್ರವರಿ ಹದಿಮೂರನೇ ತಾರೀಖು ಭಾನುವಾರ ಅವರ ಮನೆಯಲ್ಲಿ ಇಟ್ಟುಕೊಂಡಿದ್ದಾರೆ. ಜೊತೆಗೆ ಬಂದಿದ್ದವರಿಗೆಲ್ಲ ಕರೆ ಹೋಗಿದೆ. ನೀನು ಅಲ್ಲಿಗೆ ಬಂದು, ಅದೇ ಜನರ ಮುಂದೆ, ಆ ದಿನ ಆಗ್ರಾದಲ್ಲಿ ಹೊತ್ತು ಮುಳುಗಿರಲಿಲ್ಲ ಅಂತ ಒಂದು ಮಾತು ಹೇಳಿದರೆ ವೈಶಾಖದಲ್ಲಿ ಮದುವೆ. ಹೇಳದಿದ್ದರೆ ಅವರ ಮಗನಿಗೆ ಹೆಣ್ಣು ಬೇಕಾದಷ್ಟಿವೆ.

ಹೆಣ್ಣು ಬೇಕಾದಷ್ಟಿರುವುದು ಸುಳ್ಳಲ್ಲ. ಮಾಲಿನಿಗೆ ಹದಿನೆಂಟು ತುಂಬುತ್ತಿದೆ. ನಿನ್ನ ನಾಲಿಗೆಯ ಖ್ಯಾತಿ ನಾಲ್ಕು ತಾಲೂಕಿಗೆ ಹಬ್ಬಿದೆ. ಮುಂದಿನ ಗಂಡು ಯಾವ ಊರಿನಿಂದ ಬರಬೇಕು ಅಂತ ನೀನೇ ಹೇಳು.

ಎರಡು ವಿಷಯ ನಿನ್ನ ಕಾಗದದಲ್ಲಿ ನನಗೆ ಗಂಟಲಿಗಿಳಿಯಲಿಲ್ಲ. ಆಗ್ರಾದ ಎರಡನೆಯ ಸಂಜೆ ನೀನು ಬಾಯಿ ಬಿಟ್ಟೆ. ಅದಕ್ಕೆ ಮೊದಲು ಐದು ಸಂಜೆ ಆ ಜಗಲಿಯಲ್ಲಿ ನೀನು ಏನು ಮಾಡುತ್ತಿದ್ದೆ? ಇನ್ನೊಂದು, ಐದು ಜನರಲ್ಲಿ ಮೂವರು ಉಂಡರೆ ಉಣ್ಣದ ಇಬ್ಬರು ಯಾರು? ಮೂರು ರೂಪಾಯಿ ವಸೂಲು ಮಾಡಲು ಬಂದ ಬುದ್ಧಿಗೆ ಇದನ್ನು ಕೇಳಬೇಕು ಅನ್ನಿಸಲಿಲ್ಲವೆ?

ಪದ್ಮಾವತಮ್ಮ

*

ಚನ್ನರಾಯಪಟ್ಟಣ
೧೬-೧-೧೯೩೮

ಅಕ್ಕನಿಗೆ ನಮಸ್ಕಾರ.

ಮುಳುಗಿದ ಸೂರ್ಯನನ್ನು ಮೇಲೆತ್ತಿ ನಿಲ್ಲಿಸಿ ಅಂತ ಕೇಳುವ ಬೀಗರನ್ನು ನಾನು ಇದೇ ಮೊದಲು ಕಂಡದ್ದು. ಇವತ್ತು ಸೂರ್ಯ ಅಂದವರು ಮದುವೆಯ ದಿನ ಇನ್ನೇನು ಕೇಳುತ್ತಾರೋ. ಹೇಮಾವತಿ ಹೊಳೆ ಮೇಲಕ್ಕೆ ಹರಿಯುತ್ತದೆ ಅಂತ ಮುಚ್ಚಳಿಕೆ ಬರೆದುಕೊಡಬೇಕೇನೋ!

ನಾನು ಹೋಗುವುದಿಲ್ಲ. ಪಾತ್ರೆಗೆ ಸೀಸದ ಬೆಸುಗೆ ಇದ್ದರೆ ಇದೆ ಅಂತ ಹೇಳಿ ಮಾರಿದವನು ನಾನು. ಮೂವತ್ತು ವರ್ಷದಲ್ಲಿ ತಲೆ ಮೇಲಿನ ಬುಟ್ಟಿ ಕಲ್ಲು ಕಟ್ಟಡದ ಅಂಗಡಿಯಾಗಿರುವುದು ಆ ಒಂದು ಮಾತಿನ ಮೇಲೆ. ಅದನ್ನು ಭುಜಬಲಯ್ಯನವರ ಗಡಿಯಾರಕ್ಕೆ ಅಡವಿಡಲಾರೆ. ಮೂರು ತಲೆಮಾರಿನ ಶ್ರೀಮಂತಿಕೆಯಲ್ಲಿ ಒಂದು ತಲೆಗಾದರೂ ಕತ್ತೆತ್ತಿ ಆಕಾಶ ನೋಡಬೇಕು ಅನ್ನಿಸಲಿಲ್ಲ. ಅಪ್ಪ ಗಡಿಯಾರ ನೋಡುತ್ತಾನೆ, ಮಗ ಅಪ್ಪನ ಮುಖ ನೋಡುತ್ತಾನೆ. ಅಂಥ ಮನೆಯಲ್ಲಿ ನನ್ನ ಮಗಳು ಯಾರ ಮುಖ ನೋಡಬೇಕು?

ಹಿತ್ತಾಳೆ ಮಣಕ್ಕೆ ಎರಡು ರೂಪಾಯಿ ಏರಿದೆ. ಅಂಗಡಿಯಲ್ಲಿ ಕೆಲಸ ಬಹಳ.

ಮಾಲಿನಿ ಕೆಲವು ದಿನ ನಿನ್ನ ಮನೆಯಲ್ಲಿ ಇರಬೇಕು ಅನ್ನುತ್ತಾಳೆ. ಯಾಕೆ ಅಂದರೆ ಹೇಳುವುದಿಲ್ಲ. ಬುಧವಾರ ಕಳಿಸುತ್ತಿದ್ದೇನೆ.

ಜಿನ್ನಪ್ಪ

*

ಹೊಳೆನರಸೀಪುರ
೨೭-೧-೧೯೩೮

ತೀರ್ಥರೂಪು ಅಪ್ಪನವರಿಗೆ ಮಾಲಿನಿ ಮಾಡುವ ನಮಸ್ಕಾರಗಳು.

ಅತ್ತೆ ಚೆನ್ನಾಗಿದ್ದಾರೆ. ಎದುರಿಗೆ ಹೇಳಲಾಗದ್ದನ್ನು ಇಲ್ಲಿಂದ ಬರೆಯುತ್ತಿದ್ದೇನೆ. ಎದುರಿಗೆ 'ಅಪ್ಪಾ' ಅಂತ ಶುರು ಮಾಡಿದರೆ ನೀವು ಏನಾದರೂ ತಮಾಷೆ ಮಾಡುತ್ತೀರಿ, ನಾನು ನಕ್ಕುಬಿಡುತ್ತೇನೆ, ಮಾತು ಅಲ್ಲಿಗೆ ಮುಗಿಯುತ್ತದೆ.

ನೀವು ಅತ್ತೆಗೆ ಬರೆದ ಕಾಗದಗಳನ್ನು ಓದಿದೆ. ಉಳಿದ ಎರಡು ಎಲೆಯಲ್ಲಿ ಒಂದು ನನ್ನದು.

ದಿಲ್ಲಿಯ ಮೊದಲನೆಯ ಸಂಜೆ ಟಾಂಗಾದಲ್ಲಿ ಬರುವಾಗ ನೀವೇ ತೋರಿಸಿದಿರಿ. 'ನೋಡೇ ಮಾಲಿ, ಇಲ್ಲಿ ಸೂರ್ಯನಿಗೂ ಚಳಿ, ಎಷ್ಟು ಬೇಗ ಹೊದ್ದುಕೊಂಡುಬಿಟ್ಟ' ಅಂದಿರಿ. ನಾನು ನಕ್ಕೆ. ಸ್ವಲ್ಪ ಹೊತ್ತಿಗೆ ನೀವು ಅವರ ಪಕ್ಕದಲ್ಲಿ ಎಲೆಯ ಮುಂದೆ ಕೂತಿರಿ. ಮರ್ಯಾದೆಗೆ ಕೂತಿದ್ದೀರಿ, ಉಣ್ಣುವುದಿಲ್ಲ ಅಂದುಕೊಂಡು ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದೆ. ನೀವು ತುಪ್ಪ ಎರಡನೆಯ ಸಲ ಹಾಕಿಸಿಕೊಂಡಿರಿ.

ಅಮ್ಮ ಕೊನೆಯ ದಿನಗಳಲ್ಲಿ ಕತ್ತಲಾದ ಮೇಲೆ ಔಷಧವನ್ನೂ ಕುಡಿಯಲಿಲ್ಲ. ಲೋಟ ಹಿಡಿದು ನಿಂತಿದ್ದವಳು ನಾನು. ಅದಕ್ಕೇ ನನಗೆ ತುತ್ತು ಎತ್ತಲಾಗಲಿಲ್ಲ. ಹೊಟ್ಟೆ ಸರಿಯಿಲ್ಲ ಅಂತ ಅವರ ತಾಯಿಗೆ ಹೇಳಿ ಎಲೆಯನ್ನು ಹಿತ್ತಲಿಗೆ ಒಯ್ಯುತ್ತಿದ್ದೆ.

ಜಯಪುರದ ಹಿತ್ತಲ ಬಾಗಿಲಿನಲ್ಲಿ ಇನ್ನೊಂದು ಎಲೆ ಕಂಡಿತು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತೇನೆ ಅನ್ನುತ್ತಿದ್ದರಲ್ಲ, ಅವರದು. ಒಬ್ಬರ ಕೈಯಲ್ಲಿನ ಎಲೆಯನ್ನು ಇನ್ನೊಬ್ಬರು ನೋಡಿದೆವು. ಅವರು ಒಂದು ಹೆಜ್ಜೆ ಸರಿದು ದಾರಿ ಬಿಟ್ಟರು. ನೀವು ಹನ್ನೊಂದು ಮಾತು ಎಣಿಸಿದ್ದೀರಿ. ಹನ್ನೆರಡನೆಯದು ಅಲ್ಲಿ ಆಡಿದ್ದು. 'ನಾಳೆ ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಳ್ಳಿ, ಸಂಜೆಯವರೆಗೆ ತಡೆಯುತ್ತದೆ' ಅಂದರು.

ನಿಮಗೆ ಅವರು ಹೇಡಿ. ಅಪ್ಪನಿಗೆ ಎದುರು ಹೇಳಲಿಲ್ಲ, ನಿಜ. ನಾನೂ ಹೇಳಲಿಲ್ಲ. ಹೇಳಿದವರು ನೀವೊಬ್ಬರೇ. ಉಣ್ಣುತ್ತ ಹೇಳಿದಿರಿ.

ಇದನ್ನು ಭುಜಬಲಯ್ಯನವರಿಗೆ ದಯವಿಟ್ಟು ತಿಳಿಸಬೇಡಿ. ಮಗನಿಗೆ ಗೊತ್ತಿತ್ತು ಅಂತ ಗೊತ್ತಾದರೆ ಅವರಿಗೆ ನಲವತ್ತು ಜನ ನಕ್ಕಿದ್ದಕ್ಕಿಂತ ಹೆಚ್ಚು ನೋವು. ಅರಕಲಗೂಡಿಗೆ ಹೋಗುವುದೂ ಬಿಡುವುದೂ ನಿಮ್ಮಿಷ್ಟ. ಸುಳ್ಳು ಹೇಳಿ ನನ್ನ ಮದುವೆ ಮಾಡಬೇಡಿ. ಆ ಮನೆಗೆ ಹೋಗಲು ನನಗೆ ಇಷ್ಟವಿದೆ ಎನ್ನುವುದನ್ನೂ ಈ ಕಾಗದದಲ್ಲಿ ಬರೆದಿದ್ದೇನೆ ಅಂತ ತಿಳಿದುಕೊಳ್ಳಿ.

ನಿಮ್ಮ ಮಗಳು,
ಜ್ವಾಲಾಮಾಲಿನಿ

*

ಚನ್ನರಾಯಪಟ್ಟಣ
೨-೨-೧೯೩೮

ಮಾಲಿನಿಗೆ ಆಶೀರ್ವಾದ.

ಕಾಗದ ಬಂತು. ಒಂದೂವರೆ ರೂಪಾಯಿ ಮನಿಯಾರ್ಡರು ಮಾಡಿದ್ದೇನೆ. ನಿನ್ನ ಆರು ಎಲೆಯದು, ನಿನಗೇ ಸೇರಬೇಕು. ಇನ್ನೊಂದೂವರೆಯನ್ನು ಸೇರಬೇಕಾದ ಕಡೆಗೆ ಮುಟ್ಟಿಸುವ ದಾರಿ ನೋಡುತ್ತೇನೆ.

ಶಾಲು ಇಲ್ಲೇ ಬಿಟ್ಟು ಹೋಗಿದ್ದೀಯೆ. ನಾಳೆ ಬಸ್ಸಿನವನ ಕೈಯಲ್ಲಿ ಕಳಿಸುತ್ತೇನೆ. ನದಿ ಕಡೆಯ ಕೋಣೆಯಲ್ಲಿ ಮಲಗಬೇಡ.

ಅಪ್ಪ

*

ಚನ್ನರಾಯಪಟ್ಟಣ
೧೫-೨-೧೯೩೮

ಅಕ್ಕನಿಗೆ ನಮಸ್ಕಾರ.

ಅರಕಲಗೂಡಿಗೆ ಹೋಗಿದ್ದೆ. ಬಸ್ಸಿಗೆ ಹೋಗಿ ಬಂದದ್ದು ಎರಡು ರೂಪಾಯಿ ಎರಡಾಣೆ.

ಮೂವತ್ತು ಮೂವತ್ತೈದು ಜನ ಬಂದಿದ್ದರು. ಗೌರೀಶಂಕರ ಇಲ್ಲೂ ಆ ಕೊಡೆ ಹಿಡಿದುಕೊಂಡೇ ಬಂದಿದ್ದ; ಅಡುಗೆಮನೆಯನ್ನೂ ಇಪ್ಪತ್ತು ನಿಮಿಷದಲ್ಲಿ ತೋರಿಸಿ ಕರಕೊಂಡು ಬರುತ್ತಾನೇನೋ ಅನ್ನಿಸಿತು. ಹಜಾರದ ಗೋಡೆಗೆ ಭುಜಬಲಯ್ಯನವರ ಮೂರು ತಲೆಮಾರಿನ ಪಟ. ಪ್ರತಿ ಪಟದಲ್ಲೂ ಜೇಬಿಗೆ ಸರಪಳಿ. ಆಗ ಅರ್ಥವಾಯಿತು: ಆ ಗಡಿಯಾರ ನಿಂತರೆ ಅವರ ವಂಶವೇ ನಿಂತ ಹಾಗೆ, ಅದಕ್ಕೇ ಸೂರ್ಯನನ್ನು ನಂಬುವುದಿಲ್ಲ.

ಮಧ್ಯಾಹ್ನದ ಎಲೆ ಹಾಕಿದರು. ನನ್ನನ್ನು ಅವರ ಬಲಗಡೆಗೇ ಕೂರಿಸಿದರು. ಬಡಿಸಲು ಅದೇ ನಾಗಕುಮಾರ. 'ಜಿನ್ನಪ್ಪನವರು ಒಂದು ಮಾತು ಹೇಳುವುದಿದೆಯಂತೆ' ಅಂತ ಭುಜಬಲಯ್ಯನವರು ಎಲ್ಲರಿಗೂ ಕೇಳುವ ಹಾಗೆ ಅಂದರು. ಹರಾಜಿನವನು ಸರಕು ಎತ್ತಿ ತೋರಿಸಿದ ಹಾಗೆ.

ಎದ್ದು ನಿಂತೆ. ಅಕ್ಕ, ನಾಲಿಗೆಯ ತುದಿಯಲ್ಲಿ ಒಂದು ಮಾತಿತ್ತು. ಅದನ್ನು ಎಸೆದಿದ್ದರೆ ಆ ಮೂರು ಪಟವೂ ಗೋಡೆಯಿಂದ ಕೆಳಗಿಳಿಯುತ್ತಿದ್ದವು: ನಿಮ್ಮ ಮಗನೇ ನಿಮ್ಮ ಹಗಲನ್ನು ನಂಬಲಿಲ್ಲ ಅನ್ನುವುದು. ನನ್ನ ಜನ್ಮದಲ್ಲಿ ಅಂಥ ಮಾತು ಇನ್ನೊಂದು ಸಿಗುವುದಿಲ್ಲ. ಹುಡುಗ ತುಪ್ಪದ ಗಿಂಡಿ ಹಿಡಿದು ನನ್ನ ಎದುರಿಗೇ ನಿಂತಿದ್ದ. ಆ ಮಾತನ್ನು ನುಂಗಿಕೊಂಡೆ.

ಹೇಳಿದ್ದು ಇಷ್ಟು. 'ಆ ದಿನ ಆಗ್ರಾದಲ್ಲಿ ಹೊತ್ತು ಮುಳುಗಿತ್ತು. ಅದಕ್ಕೆ ಹಿಂದಿನ ಐದು ದಿನವೂ ಮುಳುಗಿತ್ತು. ಭುಜಬಲಯ್ಯನವರು ಪಂಚಾಂಗ ನಂಬಿ ಉಂಡರು, ಅವರಿಗೆ ಗೊತ್ತಿರಲಿಲ್ಲ. ನಾನು ಆಕಾಶ ನೋಡಿ, ಕತ್ತಲಾಗಿದೆ ಅಂತ ಗೊತ್ತಿದ್ದೇ ಉಂಡೆ. ಬೀಗರಾಗುವವರು ಮುನಿಸಿಕೊಂಡಾರು ಅಂತ ಉಂಡೆ, ಹಸಿವಾಗಿತ್ತು ಅಂತಲೂ ಉಂಡೆ. ಒಂದಲ್ಲ, ಆರು ದಿನ, ತುಪ್ಪ ಹಾಕಿಸಿಕೊಂಡು. ನೀವು ನಕ್ಕಿದ್ದು ಅವರನ್ನು. ನಗಬೇಕಾಗಿದ್ದದ್ದು ನನ್ನನ್ನು.'

ಯಾರೂ ನಗಲಿಲ್ಲ. ನಗಿಸಲು ಹೋದಾಗಲೆಲ್ಲ ನಗುವ ಜನ ನಗಿ ಅಂದರೆ ನಗುವುದಿಲ್ಲ. ರಂಗಸ್ವಾಮಿಗೌಡ ಒಬ್ಬ, ಸಂಕಟ ತಾಳಲಾರದೆ, 'ಬುಡಿ ಸಾ, ಕುಂತ್ಕಳಿ. ಸೂರ್ಯ ಅಂದ್ಮೇಲೆ ಉಟ್ತಾನೆ, ಮುಳುಗ್ತಾನೆ. ಪಾಯ್ಸ ಆರೋಯ್ತದೆ' ಅಂದ.

ಭುಜಬಲಯ್ಯನವರು ಗಡಿಯಾರ ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಆಮೇಲೆ ತೀರ್ಪು ಕೊಡುವವರ ಹಾಗೆ, 'ಅರಿಯದೆ ಆದದ್ದಕ್ಕೆ ಮೂರು ಉಪವಾಸ. ಅರಿತು ಮಾಡಿದ್ದಕ್ಕೆ ಆರು. ಜಿನನಾಥಪುರದ ಬಸದಿಯಲ್ಲಿ ಕೂರೋಣ. ನಾನೂ ಬರುತ್ತೇನೆ' ಅಂದರು. ತಪ್ಪು ಒಪ್ಪುವಾಗಲೂ ನನ್ನದು ಅವರದಕ್ಕಿಂತ ಎರಡರಷ್ಟು ಇರಬೇಕು, ನೋಡು! ಮೂವತ್ತು ವರ್ಷದಲ್ಲಿ ಮೊದಲನೇ ಸಲ, ಹೇಳಿದ ರೇಟಿಗೆ ಚೌಕಾಸಿ ಮಾಡದೆ ಒಪ್ಪಿಕೊಂಡೆ.

ಕೂತೆ. ಹುಡುಗ ಬಗ್ಗಿ 'ತುಪ್ಪ?' ಅಂತ ಕೇಳಿದ. ಎಲೆಗೆ ಅಡ್ಡ ಕೈ ಹಿಡಿದೆ.

ಮದುವೆಯ ಮಾತು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹೊರಡುವಾಗ ಸೀರೆಯನ್ನೂ ಅಡಿಕೆ ಡಬ್ಬಿಯನ್ನೂ ಅವರ ಹಜಾರದ ಮೂಲೆಯಲ್ಲಿಟ್ಟು ಬಂದೆ. ಮಾಲಿನಿಗೆ ಇದನ್ನು ಓದಲು ಕೊಡು. ನನಗೆ ಎರಡನೆಯ ಸಲ ಬರೆಯಲಾಗುವುದಿಲ್ಲ.

ಜಿನ್ನಪ್ಪ

*

ಹೊಳೆನರಸೀಪುರ
೨೬-೨-೧೯೩೮

ಜಿನ್ನಪ್ಪನಿಗೆ,

ಕಾರ್ಡು ಸಾಕು ಅಂತ ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ನಿನ್ನೆ ಭುಜಬಲಯ್ಯನವರೂ ಅವರ ಹೆಂಡತಿ ಚಕ್ರೇಶ್ವರಮ್ಮನೂ ಬಂದಿದ್ದರು. ಆಕೆ ಚುಕ್ಕಿ ಸೀರೆ ಉಟ್ಟಿದ್ದರು. ಅದಕ್ಕಿಂತ ದೊಡ್ಡ ಒಪ್ಪಿಗೆ ಪತ್ರ ನಿನಗೆ ಬೇಡ ಅಂದುಕೊಂಡಿದ್ದೇನೆ. ವೈಶಾಖ, ಮೇ ಹನ್ನೊಂದು. ಊಟ ಹೊತ್ತು ಮುಳುಗುವ ಎರಡು ಗಂಟೆ ಮೊದಲು ಮುಗಿಯಬೇಕು ಅಂತ ಅವರೇ ಹೇಳಿದರು. ಯಾವ ಊರಿನ ಹೊತ್ತು ಅಂತ ಕೇಳಲು ನನಗೂ ನಾಲಿಗೆ ತುರಿಸಿತು. ಕೇಳಲಿಲ್ಲ. ನೀನೂ ಕೇಳಬೇಡ.

ಮಾಲಿನಿ ನಿನ್ನ ಕಾಗದ ಓದಿದಳು. ಮಡಿಸಿ ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡಳು. ನಾಳೆ ಊರಿಗೆ ಹೊರಡುತ್ತೇನೆ ಅಂದಳು.

ಪದ್ಮಾವತಮ್ಮ

*

ಚನ್ನರಾಯಪಟ್ಟಣ
೨೯-೫-೧೯೩೮

ಅಕ್ಕನಿಗೆ ನಮಸ್ಕಾರ.

ಮದುವೆಯ ಖರ್ಚಿನ ಲೆಕ್ಕ ಬೇರೆ ಪುಸ್ತಕದಲ್ಲಿದೆ, ಬಂದಾಗ ನೋಡುವೆಯಂತೆ. ಇದು ಯಾತ್ರೆಯ ಪುಸ್ತಕ. ಇವತ್ತು ಮುಚ್ಚುತ್ತಿದ್ದೇನೆ. ಯಾರಿಗೆ ಏನು ಸಿಕ್ಕಿತು ಅನ್ನುವುದಿಷ್ಟು.

ಗೌರೀಶಂಕರನಿಗೆ ಎಲ್ಲ ಕಳೆದು ನಾನೂರಾದರೂ ಉಳಿದಿರಬೇಕು. ಈಗ ರಾಮೇಶ್ವರಕ್ಕೆ ಜನ ಕೂಡಿಸುತ್ತಿದ್ದಾನೆ. ರಾಜರು ಅಲ್ಲೂ ಇದ್ದಾರೆ, ಇಪ್ಪತ್ತು ನಿಮಿಷವೂ ಇದೆ.

ರಂಗಸ್ವಾಮಿಗೌಡನಿಗೆ ಒಂದು ಕಥೆ. ಹಿರೀಸಾವೆಯ ಹೋಟೆಲಿನಲ್ಲಿ ಬಸ್ಸು ನಿಂತಾಗಲೆಲ್ಲ ಹೇಳುತ್ತಾನಂತೆ. ಅದರಲ್ಲಿ ಈಗ ಲಾಟೀನು ಹಚ್ಚಿಕೊಂಡು ಕೂತವನು ನಾನು.

ಚಕ್ರೇಶ್ವರಮ್ಮನಿಗೆ ಸೀರೆ, ಸೊಸೆ.

ಭುಜಬಲಯ್ಯನವರಿಗೆ ಅಡಿಕೆ ಡಬ್ಬಿ, ಮೂರು ಉಪವಾಸ. ಬಸದಿಯಲ್ಲಿ ಮೂರನೆಯ ದಿನ ಮುಗಿದು ಮೇಲೆದ್ದಾಗ, ಇನ್ನೂ ಮೂರು ದಿನ ಕೂರಬೇಕಾಗಿದ್ದ ನನ್ನನ್ನು ನೋಡಿ ಅವರ ಮುಖದಲ್ಲಿ ಬಂದ ಸಂತೋಷಕ್ಕೆ ನಾನು ಬೆಲೆ ಕಟ್ಟಲಾರೆ. ಮಗನಿಗೆ ಗೊತ್ತಿತ್ತು ಅನ್ನುವುದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ದಿಲ್ಲಿಯ ಸೂರ್ಯ ಪಂಚಾಂಗದ ಪ್ರಕಾರ ನಡೆಯುವುದಿಲ್ಲ ಅಂತ ಬಂದವರಿಗೆಲ್ಲ ದೂರು ಹೇಳುತ್ತಾರೆ.

ಮೂರು ಊರಿನ ಧರ್ಮಶಾಲೆಯ ಕಾವಲುಗಾರರಿಗೆ ಹನ್ನೆರಡು ಊಟ. ಇಡೀ ಯಾತ್ರೆಯಲ್ಲಿ ಕಾಸು ಬಿಚ್ಚದೆ ಲಾಭ ಕಂಡವರು ಅವರು ಮಾತ್ರ.

ನಾಗಕುಮಾರನಿಗೆ ಹೆಂಡತಿ. ಧಾರೆಯಾದ ಮೇಲೆ ಕೈಗೆ ಒಂದೂವರೆ ರೂಪಾಯಿ ಇಟ್ಟೆ. ಯಾತಕ್ಕೆ ಅಂತ ಕೇಳಲಿಲ್ಲ. ಎಣಿಸಿ ನೋಡಿದ, ನನ್ನ ಮುಖ ನೋಡಿದ, ಜೇಬಿಗೆ ಹಾಕಿಕೊಂಡ. ಅಪ್ಪ ಆ ಗಡಿಯಾರವನ್ನೂ ಅವನಿಗೇ ಕೊಟ್ಟರು. ದಿನವೂ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನಂತೆ, ಕೀಲಿ ಕೊಡುವುದಿಲ್ಲವಂತೆ. ಮಾಲಿನಿ ಬರೆದಿದ್ದಾಳೆ.

ಮಾಲಿನಿಗೆ ಅವಳು ಕೇಳಿದ ಮನೆ.

ನಿನಗೆ ನಾನು ಈ ಜನ್ಮದಲ್ಲಿ ಎದುರು ಮಾತಾಡಲಾಗದ ಹಾಗೆ ಒಂದು ಹಿಡಿತ.

ನನಗೆ ಆರು ಉಪವಾಸ. ಅಲ್ಲದೆ ಈಗ ಸಂಜೆ ಐದಕ್ಕೇ ಅಂಗಡಿ ಮುಚ್ಚಿ ಊಟಕ್ಕೆ ಏಳುತ್ತಿದ್ದೇನೆ, ದಿನಕ್ಕೆ ಒಂದು ಗಂಟೆ ವ್ಯಾಪಾರ ನಷ್ಟ.

ಜಿನ್ನಪ್ಪ